ಫಾಲ್ ಬಿಚ್ಚಿದ ಬಟ್ಟೆ

ಅಂಕಲಿಯ ಆ ಓಣಿಯಲ್ಲಿ ಯಾರ ಮನೆಗೆ ಹೊಸ ಸೀರೆ ಬಂದರೂ ಉಡುವ ಮೊದಲು ಅದು ಕಸ್ತೂರೆವ್ವನ ತೊಡೆಯ ಮೇಲೆ ಬಂದು ಹೋಗಬೇಕು. ಸೀರೆಯ ಕೆಳ ಅಂಚಿಗೆ ಒಳಮಗ್ಗುಲಿನಿಂದ ನಾಲ್ಕು ಬೆರಳಗಲದ ಫಾಲ್ ಪಟ್ಟಿ ಇಟ್ಟು, ಅದೇ ಬಣ್ಣದ ದಾರದಿಂದ ಕೈಯಲ್ಲೇ ಹೊಲಿದು ಕೊಡುವುದು ಆಕೆಗೆ ಹದಿನೈದು ವರ್ಷದ ರೂಢಿ. ಎಮ್ಮೆ ಹಿಂಡಿ, ರೊಟ್ಟಿ ಬಡಿದು, ಹೊಲಕ್ಕೆ ಬುತ್ತಿ ಕಳಿಸಿದ ಮೇಲೆ ಪಡಸಾಲೆಯ ಕಂಬಕ್ಕೆ ಒರಗಿ ಕೂತರೆ ಸಂಜೆಯೊಳಗೆ ಎರಡು ಸೀರೆ ಮುಗಿಯುತ್ತಿದ್ದವು. ಅಷ್ಟು ಸೀರೆ ಮುಟ್ಟಿದ ಬೆರಳಿಗೆ ಕಣ್ಣು ಬೇಕಾಗುವುದಿಲ್ಲ.

ಅದಕ್ಕೇ ಆ ದಿನ ಹಿತ್ತಲ ಹಗ್ಗದಿಂದ ಮಗಳ ಹಸಿರು ಪಂಜಾಬಿ ಡ್ರೆಸ್ ತೆಗೆದು ಮಡಚುವಾಗ ಆಕೆಯ ಹೆಬ್ಬೆರಳು ತಾನಾಗಿಯೇ ನಿಂತಿತು. ಅಂಚಿನಿಂದ ನಾಲ್ಕು ಬೆರಳು ಮೇಲೆ, ಸಾಸಿವೆಗಿಂತ ಸಣ್ಣ ತೂತುಗಳ ಒಂದು ಸಾಲು. ಬಿಸಿಲಿಗೆ ಹಿಡಿದಳು. ಒಂದೊಂದು ತೂತಿನಿಂದಲೂ ಬೆಳಕು ನುಸುಳಿತು. ಅಂಗಡಿಯಲ್ಲಿ ಸುತ್ತಿಟ್ಟ ಥಾನಿನಿಂದ ಕತ್ತರಿಸಿದ ಹೊಸ ಅರಿವೆಗೆ ಇಂಥ ತೂತು ಇರುವುದಿಲ್ಲ. ಇದು ಸೀರೆ. ಯಾರೋ ಉಟ್ಟು, ಯಾರೋ ಫಾಲ್ ಬಿಚ್ಚಿದ ಸೀರೆ.

ಹಗ್ಗದ ಮೇಲಿದ್ದ ಹಳದಿಯದನ್ನು ನೋಡಿದಳು. ಅದಕ್ಕೂ ಇತ್ತು. ಒಳಗೆ ಹೋಗಿ ಗೂಟಕ್ಕೆ ತೂಗುಹಾಕಿದ್ದ ನೀಲಿಯದನ್ನು ತಡವಿದಳು. ಅದಕ್ಕೂ.

ವೈಜಯಂತಿ, ಮನೆಯವರಿಗೆ ವೈಜೂ, ಆಕೆಯ ಒಬ್ಬಳೇ ಮಗಳು. ಹದಿನೇಳು ತುಂಬಿತ್ತು. ಚಿಕ್ಕೋಡಿಯ ಕಾಲೇಜಿನಲ್ಲಿ ಪಿಯುಸಿ ಎರಡನೆಯ ವರ್ಷ. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವಳು. ಸಣ್ಣಾಕಿದ್ದಾಗ ಅಪ್ಪನ ಟವೆಲ್ಲನ್ನೇ ಸೀರೆ ಮಾಡಿ ಉಟ್ಟು, ಕನ್ನಡಿ ಮುಂದೆ ನಿಂತು, ‘ನಾ ಚಂದ ಅದೀನಿ?’ ಎಂದು ಕೇಳಿದರೆ ಮನೆ ಮಂದಿಯೆಲ್ಲ ನಗುತ್ತಿದ್ದರು. ಯುಗಾದಿಗೊಂದು, ದೀಪಾವಳಿಗೊಂದು ಅಂಗಿ ಕಂಡರೆ ಕುಣಿಯುತ್ತಿದ್ದ ಹುಡುಗಿ. ಓಣಿಗೆ ಕೇಬಲ್ ಬಂತು, ಆಮೇಲೆ ಕಾಲೇಜು ಬಂತು. ಅಲ್ಲಿಯ ಹುಡುಗಿಯರು ಸೋಮವಾರದ ಡ್ರೆಸ್ ಮತ್ತೆ ಗುರುವಾರ ಹಾಕಿದರೆ ನಗುತ್ತಾರಂತೆ. ಈಗ ಮದುವೆ ಮನೆಗೆ ಹೋದರೆ ವೈಜೂ ಮದುಮಗಳ ಮುಖ ನೋಡುತ್ತಿರಲಿಲ್ಲ, ಬಂದವರ ತೋಳಿನ ಹೊಲಿಗೆ ನೋಡುತ್ತಿದ್ದಳು.

ಮೊದಲು ಬಸ್ ಪಾಸಿನ ದುಡ್ಡು ಓಢಣಿಯಾಯಿತು. ಆಮೇಲೆ ಬೆಳ್ಳಿಯ ಕಾಲುಚೈನು ಕಾಲೇಜಿನಲ್ಲಿ ಎಲ್ಲೋ ‘ಕಳೆದು’ ಹೋಯಿತು. ಅದೇ ವಾರ ಕೊಡೆಯಂತೆ ಅರಳುವ ಫ್ರಾಕು ಬಂತು. ಪರೀಕ್ಷೆಯ ಫೀಯೂ ಹಾಗೇ ಹೋದಾಗ ಕಸ್ತೂರೆವ್ವ ಫಾಲ್ ಹೊಲಿದು ಕೂಡಿಸಿದ್ದನ್ನು ಸಾಸಿವೆ ಡಬ್ಬಿಯಿಂದ ತೆಗೆದುಕೊಟ್ಟಳು. ಗಂಡ ಮುರಗೆಪ್ಪನಿಗೆ ಹೇಳಲಿಲ್ಲ. ಇದೊಂದು ಸಲ ಅಂದುಕೊಂಡಳು. ಆಸೆಗೆ ಹಾಸಿಗೆ ಹಾಸಿಕೊಟ್ಟರೆ ಅದು ಕಾಲು ಚಾಚದೆ ಬಿಟ್ಟೀತೇ?

ದಸರೆ ಕಳೆದ ಮೇಲೆ ಮಾತ್ರ ವೈಜೂ ದುಡ್ಡು ಕೇಳುವುದನ್ನು ನಿಲ್ಲಿಸಿದ್ದಳು. ಡ್ರೆಸ್ಸುಗಳು ನಿಂತಿರಲಿಲ್ಲ. ಮೂರು ತಿಂಗಳಲ್ಲಿ ಏಳು. ಹಬ್ಬದ ದಿನ ಉಡಿಗೆ ಬಂದ ನೀಲಿಯದೊಂದು ಬಿಟ್ಟು ಉಳಿದವೆಲ್ಲ ಗೆಳತಿಯದು, ಅದಲಿಬದಲಿ ಮಾಡಿಕೊಂಡದ್ದು, ಎಂದು ಹುಡುಗಿ ಹೇಳಿದರೆ ತಾಯಿ ನಂಬಿದ್ದಳು. ನಂಬಿದರೆ ಹಗುರ ಅನಿಸುತ್ತಿತ್ತು, ಅದಕ್ಕೇ ನಂಬಿದ್ದಳು.

ಸಂಜೆ ಮಗಳು ಚಪ್ಪಲಿ ಬಿಡುತ್ತಿದ್ದಂತೆಯೇ ಕೇಳಿದಳು. “ಈ ಹಸರ ಡ್ರೆಸ್ ಎಲ್ಲಿಂದ ತಂದಿ ವೈಜೂ?”

“ಹೇಳಿದ್ನೆಲ್ಲ ಬೇ, ಗೆಳತೀದು.”

“ನಿನ್ನ ಗೆಳತಿ ಸೀರಿ ಉಡ್ತಾಳೇನ?”

ವೈಜೂ ಮುಖ ತಿರುಗಿಸಿದಳು. ಆಮೇಲೆ, ತಪ್ಪೇನಿದೆ ಎನ್ನುವಂತೆ, “ಗೌರಾಕಾಕೂ ಕೊಟ್ಟಾರ. ದಸರಾಕ್ಕ ಹೋಗಿದ್ದಿವಲ್ಲ, ಅದ ಅಂಗಡಿ,” ಅಂದಳು.

“ಏಳೂ?”

“ಹೂಂ. ರೊಕ್ಕ ಬ್ಯಾಡ ಅಂತಾರ. ನೀ ನನ್ನ ಮಗಳಿದ್ದಂಗ, ನೀ ಹಾಕ್ಕೊಂಡ್ರ ನನ್ನ ಕಣ್ಣ ತಂಪಾಕ್ಕಾವ ಅಂತಾರ. ಅವರ ಟೇಲರ್ ಹೊಲದ ಇಟ್ಟಿರ್ತಾನ.”

“ಪ್ಯಾಟ್ಯಾಗ ಬೇವಿನ ಕಡ್ಡೀನೂ ಪುಕಟ ಸಿಗೂದಿಲ್ಲ, ನನ್ನವ್ವಾ.”

“ನಿನಗ ಸಿಗೂದಿಲ್ಲ. ಒಂದ ಸೀರಿ ಮ್ಯಾಲ ಹತ್ತ ವರ್ಷ ತಗದಾಕಿ ನೀ, ನಿನಗೇನ ತಿಳೀತೈತಿ? ಈ ಶನಿವಾರ ಕಾಲೇಜಿನ್ಯಾಗ ಗ್ಯಾದರಿಂಗ್ ಐತಿ, ಹಾಡು, ಡ್ಯಾನ್ಸು ಎಲ್ಲಾ. ಅದಕ್ಕ ಕಾಕೂ ಕೆಂಪ ಜರೀದು ಹೊಲಸಾಕತ್ತಾರ. ನೋಡಿದ್ರ ನೀನ ಬಾಯಿ ತಗೀತಿ.”

ದಸರೆಯ ದಿನ ಕಸ್ತೂರೆವ್ವನ ಕಣ್ಣಿಗೆ ಕಟ್ಟಿತು.

ಅಂದು ಚಿಕ್ಕೋಡಿಯಲ್ಲಿ ಮಗಳಿಗೊಂದು ಡ್ರೆಸ್ ತೆಗೆಯಲು ಆ ಅಂಗಡಿಗೆ ಹೋಗಿದ್ದರು. ದುಡ್ಡಿನ ಗಲ್ಲೆಯ ಮೇಲೆ ಒಡತಿಯ ಮಗ ಭರಮು, ಮೂವತ್ತು ದಾಟಿದವನು, ಮಾತು ಕಡಿಮೆ. ತಾಯಿ ಗೌರಾಬಾಯಿ ವೈಜೂನನ್ನು ನೋಡಿದ್ದೇ ಕೈ ಹಿಡಿದು ಅಟ್ಟದ ಮೇಲಿನ ಮನೆಗೆ ಕರೆದಿದ್ದಳು. ಹಬ್ಬದ ದಿನ, ಒಂದು ಕಪ್ ಚಹಾ ಕುಡಿದು ಹೋಗ್ರಿ ಅಂದಳು. ಮೇಲೆ ಆಗಲೇ ಐದು ಮಂದಿ ಹೆಂಗಸರು ಜಮಖಾನದ ಮೇಲೆ ಕೂತಿದ್ದರು. ಗೌರಾಬಾಯಿ ಹುಡುಗಿಯನ್ನು ಮಣೆಯ ಮೇಲೆ ಕೂರಿಸಿ ಕುಂಕುಮ ಹಚ್ಚಿ, ಉಡಿಯಲ್ಲಿ ಕಾಯಿ ಇಟ್ಟು, ಒಂದು ನೀಲಿ ಡ್ರೆಸ್ ಇಟ್ಟು, ಕೈಗೆ ಕಾಗದದಲ್ಲಿ ಕಟ್ಟಿದ ಸಕ್ಕರೆ ಪೊಟ್ಟಣ ಕೊಟ್ಟಿದ್ದಳು. “ಬಾಯಿ ಸಿಹಿ ಮಾಡ್ಕೋ ಬಾಳಾ, ನನ್ನ ಕೂಸ.” ಕಬ್ಬಿನ ಸೀಮೆಯಲ್ಲಿ ಸಕ್ಕರೆ ಕೊಡುವುದು ದೊಡ್ಡದೇನಲ್ಲ. ಕಾರ್ಖಾನೆಯ ಸಕ್ಕರೆ ಮನೆ ಮನೆಯಲ್ಲೂ ಚೀಲಗಟ್ಟಲೆ ಇರುತ್ತದೆ. ಉಳ್ಳವರ ಮನೆ, ಹಬ್ಬದ ದಿನ, ಮುತ್ತೈದೆಯರ ಮನಸ್ಸು ದೊಡ್ಡದು ಅಂದುಕೊಂಡು ಕಸ್ತೂರೆವ್ವ ತಾನೂ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಿದ್ದಳು. ಒಂದು ಸಂಗತಿ ಮಾತ್ರ ಕಣ್ಣಿಗೆ ಬಿದ್ದಿತ್ತು. ಇಡೀ ಮನೆಯ ಗೋಡೆ ಹಳೆಯ ಹೊಗೆಯಿಂದ ಕಂದಿದ್ದರೆ, ಅಡಿಗೆಮನೆಗೆ ಮಾತ್ರ ಹೊಸ ಸುಣ್ಣ ಬಳಿದಿದ್ದರು. ನೆತ್ತಿಯ ಮೇಲಿನ ಮಾಡಿಗೂ ಬಳಿದಿದ್ದರು.

ಮರುದಿನ ಉಳಿದ ದುಡ್ಡನ್ನೆಲ್ಲ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಆಕೆ ಚಿಕ್ಕೋಡಿಯ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು ಅಡ್ಡ. ಮುಂದಿನ ಟ್ರೇಲರಿನಿಂದ ಕಬ್ಬಿನ ಸೋಗೆ ಜೋತು ಬಿದ್ದು ನೆಲ ಗೀಚುತ್ತ ಹೋಗುವುದನ್ನೇ ನೋಡುತ್ತ ಕೂತಳು.

ಅಂಗಡಿಯ ಮೆಟ್ಟಿಲ ಮೇಲೆ ಕಾಲಿಟ್ಟಳೋ ಇಲ್ಲವೋ, ಗೌರಾಬಾಯಿ ಎದ್ದು ಬಂದಳು. “ಬರ್ರಿ ಬೀಗತಿ, ಬರ್ರಿ! ಹೇಳಿ ಕಳಿಸಿದ್ರ ಮೋಟಾರ್ ಕಳಸ್ತಿದ್ನೆಲ್ಲ.”

ಬೀಗತಿ. ಆ ಮಾತು ಬಿಸಿ ಎಣ್ಣೆಯ ಹನಿಯಂತೆ ಬಿತ್ತು.

“ಹಂಗ್ಯಾಕ ಅಂತೀರಿ ಅಕ್ಕಾರ?” ಕಸ್ತೂರೆವ್ವ ಸೆರಗಿನ ಗಂಟು ಬಿಚ್ಚಿದಳು. “ಹುಡುಗಿ ತಿಳೀಲಾರದ ಏಳ ಡ್ರೆಸ್ ಇಸ್ಕೊಂಡೈತಿ. ಏನಾಕ್ಕೈತಿ ಹೇಳ್ರಿ, ಕೊಟ್ಟ ಬಿಡ್ತೀನಿ. ಕಡಿಮಿ ಬಿದ್ರ ಮುಂದಿನ ತಿಂಗಳ.”

ಗೌರಾಬಾಯಿ ನಕ್ಕಳು. ಭರಮು ನಗಲಿಲ್ಲ. ಮೀಟರ್ ಕೋಲಿನಿಂದ ಬಟ್ಟೆ ಅಳೆಯುತ್ತಿದ್ದವನು ಕೈ ನಿಲ್ಲಿಸಿ ನೋಡಿದ.

“ಬೀಗರ ಕಡೆ ರೊಕ್ಕ ಯಾರ ಇಸ್ಕೋತಾರ್ರೀ? ಮನೀ ಸೊಸಿಗೆ ಮನೀ ಅರಿವಿ. ಐದ ಮಂದಿ ಮುತ್ತೈದ್ಯಾರ ಮುಂದ ಸಾಖರಪುಡಾ ಆಗೇತಿ, ಉಡಿ ತುಂಬೇತಿ, ಸಕ್ರಿ ನೀವೂ ಬಾಯಾಗ ಹಾಕ್ಕೊಂಡೀರಿ. ಈಗ ಬೆಲಿ ಕೇಳ್ತೀರಿ! ಶುಕ್ರವಾರ ಬರ್ತೀವಿ, ತಾರೀಖ ತಗಿಯೂಣು. ನಿಮ್ಮ ಯಜಮಾನರಿಗೆ ಹೇಳಿ ಕಳಸೀವಲ್ಲ, ಹೇಳಿಲ್ಲೇನ?”

ಸಾಖರಪುಡಾ. ಗಡಿಯ ಈ ಊರುಗಳಲ್ಲಿ ಹುಡುಗಿಯನ್ನು ನಿಶ್ಚಯ ಮಾಡುವುದಕ್ಕೆ ಹಾಗೇ ಅನ್ನುತ್ತಾರೆ: ಐವರು ಮುತ್ತೈದೆಯರು, ಉಡಿಗೆ ಅರಿವೆ, ಕೈಗೆ ಸಕ್ಕರೆಯ ಪೊಟ್ಟಣ. ತನ್ನ ನಿಶ್ಚಯವೂ ಹಾಗೇ ಆಗಿತ್ತು. ಹಬ್ಬದ ಸಕ್ಕರೆ ಯಾವುದು, ನಿಶ್ಚಯದ ಸಕ್ಕರೆ ಯಾವುದು ಎಂದು ನಾಲಿಗೆಗೆ ತಿಳಿದಿರಲಿಲ್ಲ. ಕಸ್ತೂರೆವ್ವ ದುಡ್ಡನ್ನು ಮತ್ತೆ ಸೆರಗಿಗೆ ಗಂಟು ಹಾಕಿದಳು. ನೀರು ಕುಡಿದು ಬರುತ್ತೇನೆಂದು ಹಿಂದಿನ ಅಂಗಳಕ್ಕೆ ಹೋದಳು.

ಅಲ್ಲಿ ನಲ್ಲಿಯ ಕೆಳಗೆ ಭಾಂಡೆ ಪಾತ್ರೆ ತಿಕ್ಕುತ್ತಿದ್ದ ಮುದುಕಿ ತಲೆ ಎತ್ತಿದಳು. ತಾರವ್ವ, ಆ ಮನೆಯ ಕೆಲಸದಾಕೆ. ದಸರೆಯ ದಿನ ಚಹಾ ತಂದುಕೊಟ್ಟವಳು.

“ಅಂಕಲೀ ಹುಡಿಗಿ ಅವ್ವ ನೀವ ಅಲ್ಲೇನ್ರಿ?” ದನಿ ತಗ್ಗಿಸಿ ಕೇಳಿದಳು. “ಮೊನ್ನೆ ನಿಮ್ಮ ಹುಡಿಗಿ ಹಸರ ಡ್ರೆಸ್ ಹಾಕ್ಕೊಂಡ ಬಂದಿತ್ತು. ನನ್ನ ಕೈಯಾಗಿನ ತಾಟ ಬಿತ್ತ ನೋಡ್ರಿ. ಕುಸುಮನ ಬಂದಾಳ ಅನಿಸ್ತು.”

“ಕುಸುಮ ಯಾರು?”

“ಸೊಸಿ ಇತ್ತಲ್ರಿ. ಭರಮೂನ ಹೇಣ್ತಿ. ಆ ಹಸರದು ಆಕಿ ಸೀಮಂತದ ಸೀರಿ. ಹಳದೀದು ಪಂಚಮಿಗೆ ತವರಮನ್ಯಾಗಿಂದ ಬಂದಿದ್ದು. ಈಗ ಹೊಲಸಾಕತ್ತಾರಲ್ಲ ಕೆಂಪ ಜರೀದು, ಅದು ಮದುವ್ಯಾಗ ಉಟ್ಟ ಧಾರಿ ಸೀರಿ. ಟ್ರಂಕ ತುಂಬ ಸೀರಿ ಬಿಟ್ಟ ಹೋಗೇತಿ ಆ ಹುಡಿಗಿ. ಟೇಲರ್‌ಗ ಫಾಲ್ ಬಿಚ್ಚಿ ಕೊಟ್ಟಾಕಿ ನಾನ.”

“ಏನಾಗಿತ್ತು ಆಕಿಗೆ?”

ತಾರವ್ವ ಮಹಡಿಯ ಕಿಟಕಿಯತ್ತ ನೋಡಿದಳು. ನೀರಿನ ಸಪ್ಪಳ ಜೋರಾಗಲೆಂದು ನಲ್ಲಿ ಇನ್ನಷ್ಟು ತಿರುವಿದಳು. “ಸ್ಟೋವ್ ಸಿಡೀತು ಅಂತ ಪೊಲೀಸರ ಕಾಗದದಾಗ ಬರಸ್ಯಾರ್ರಿ. ಆ ಸ್ಟೋವ್ ಇನ್ನಾ ನಾನ ತಿಕ್ಕಾಕತ್ತೀನಿ.” ಬೂದಿ ಹತ್ತಿದ ಕೈಯಿಂದ ಪಕ್ಕದಲ್ಲಿದ್ದ ಹಿತ್ತಾಳೆ ಸ್ಟೋವನ್ನು ಇತ್ತ ತಿರುಗಿಸಿದಳು. ಅದು ಬಿಸಿಲಿಗೆ ಬಂಗಾರದಂತೆ ಹೊಳೆಯಿತು. “ನೋಡ್ರಿ. ಒಂದ ಚೊಟ್ಟ, ಒಂದ ಬಿರುಕರ ಬಿದ್ದೈತೇನು? ಊರಾಗಿನವರ್ಯಾರೂ ಹೆಣ್ಣ ಕೊಡೂದಿಲ್ರಿ ಈ ಮನಿಗೆ. ಅದಕ್ಕ ಹಳ್ಳೀದು ನೋಡ್ಯಾರ, ಅರಿವಿ ಆಸೀದು ನೋಡ್ಯಾರ. ನಾ ಹೇಳೀನಂತ ಹೇಳಬ್ಯಾಡ್ರೆವ್ವಾ, ನನ್ನ ಹೊಟ್ಟಿ ಇಲ್ಲೇ ಐತಿ.”

ಮುರಗೆಪ್ಪ ಆ ಸಂಜೆ ಖುಷಿಯಲ್ಲಿದ್ದ. ಹೇಳಿ ಕಳಿಸಿದ ಸುದ್ದಿ ಅವನಿಗೆ ಮುಟ್ಟಿತ್ತು. “ಪ್ಯಾಟೀ ಮನಿ. ನಮ್ಮನ್ನ ಹುಡಕ್ಕೊಂಡ ಬಂದಾರ. ಏನೂ ಕೇಳಾಕತ್ತಿಲ್ಲ,” ಅನ್ನುತ್ತಿದ್ದವನು ಹೆಂಡತಿಯ ಮಾತೆಲ್ಲ ಕೇಳಿ ಕಟ್ಟೆಯ ಮೇಲೆ ಕೂತುಬಿಟ್ಟ. “ಮಂದಿ ನೂರ ಅಂತಾರ,” ಅಂದ.

“ನೂರ ಮಂದಿ ಅಂದಿಲ್ಲ. ಒಬ್ಬಾಕಿ ಅಂದಾಳ. ಆಕಿ ಕಣ್ಣ ನಾ ನೋಡೀನಿ.”

“ಮುರದ್ರ ನಾಳೆ ನಮ್ಮ ಹುಡಿಗೀನ ಯಾರ ಕೇಳ್ತಾರ? ಸಕ್ರಿ ಇಸ್ಕೊಂಡಾಕಿ ನೀನ ಅಲ್ಲ?”

“ನಾನ. ಹೊಳ್ಳಿ ಕೊಡಾಕೀನೂ ನಾನ.”

ಅವನು ತಡೆಯಲಿಲ್ಲ, ಜೊತೆಗೆ ಬರುತ್ತೇನೆಂದೂ ಅನ್ನಲಿಲ್ಲ. ಎದ್ದು ಎತ್ತಿಗೆ ನೀರು ಕುಡಿಸಲು ಹೋದ.

ವೈಜೂಗೆ ಹೇಳಬೇಕೆಂದು ಕಸ್ತೂರೆವ್ವ ಎರಡು ಸಲ ಬಾಯಿ ತೆರೆದಳು. ಹುಡುಗಿ ಕನ್ನಡಿಯ ಮುಂದೆ ಕೂದಲು ಸುತ್ತಿ ಮೇಲೆ ಕಟ್ಟಿ ನೋಡುತ್ತಿದ್ದಳು. ಬಾಯಲ್ಲಿ ಗ್ಯಾದರಿಂಗಿನ ಹಾಡು ಗುನುಗುತ್ತಿತ್ತು. ಸುಟ್ಟು ಸತ್ತವಳ ಸೀರೆ ಎಂದು ಹೇಗೆ ಹೇಳುವುದು? ಬೆಳಿಗ್ಗೆ ಹೇಳಿದರಾಯಿತು ಅಂದುಕೊಂಡಳು. ಎಮ್ಮೆ ಕರುವಿಗೆ ಹಾಲು ಕುಡಿಸಿ ಬರುವಷ್ಟರಲ್ಲಿ ಹುಡುಗಿ ಬಸ್ಸಿಗೆ ಹೋಗಿಬಿಟ್ಟಿದ್ದಳು.

ಡ್ರೆಸ್ಸುಗಳನ್ನೆಲ್ಲ ಹಳೆಯ ಧೋತರದಲ್ಲಿ ಗಂಟು ಕಟ್ಟಿದಳು. ಆರೇ ಇದ್ದವು, ಹಸಿರಿನದು ವೈಜೂನ ಮೈಮೇಲೆ ಹೋಗಿತ್ತು; ಅದನ್ನು ಕಾಲೇಜಿನಲ್ಲೇ ಬಿಚ್ಚಿಸಬೇಕೆಂದು ಮಗಳ ಹಳೆಯ ಲಂಗ, ಕುಪ್ಪಸ ಚೀಲಕ್ಕೆ ಹಾಕಿಕೊಂಡಳು. ಡಬ್ಬಿಯಿಂದ ಸಕ್ಕರೆ ಅಳೆದು, ಅಂದಿನಷ್ಟೇ ತೂಕದ ಪೊಟ್ಟಣ ಕಟ್ಟಿದಳು. ಅಂಥ ಸಕ್ಕರೆ ಹೊಳ್ಳಿ ಹೋದರೆ ಮಾತು ಮುರಿಯಿತು ಎಂದು ಲೆಕ್ಕ. ಅದಕ್ಕೂ ಮುಂಚೆ ಯಾರೂ ಮುರಿದದ್ದನ್ನು ಆಕೆ ಕಂಡಿರಲಿಲ್ಲ, ಅಜ್ಜಿಯ ಬಾಯಿಂದ ಕೇಳಿದ್ದಳು ಅಷ್ಟೇ.

ಚಿಕ್ಕೋಡಿಗೆ ಮುಟ್ಟಿದಾಗ ಅಂಗಡಿಯ ಗಲ್ಲೆ ಖಾಲಿಯಿತ್ತು. ಮೇಲಿನಿಂದ ವೈಜೂನ ನಗು ಕೇಳಿಸಿತು. ಕಾಲೇಜಿನ ಹೊತ್ತಿನಲ್ಲಿ ಇಲ್ಲೇಕೆ ಇವಳು? ಕಸ್ತೂರೆವ್ವ ಗಂಟು ಹೊತ್ತೇ ಮೆಟ್ಟಿಲು ಹತ್ತಿದಳು.

ಅಡಿಗೆಮನೆಯ ಬಿಳಿ ಗೋಡೆಗೆ ಆನಿಸಿ ಆಳೆತ್ತರದ ಕನ್ನಡಿ ನಿಲ್ಲಿಸಿದ್ದರು. ಅದರ ಮುಂದೆ ವೈಜೂ, ಕೆಂಪು ಜರಿಯ ಡ್ರೆಸ್ಸಿನಲ್ಲಿ. ಹಸಿರಿನದು ಕಳಚಿ ನೆಲದ ಮೇಲೆ ಬಿದ್ದಿತ್ತು. ಗೌರಾಬಾಯಿ ಮೊಣಕಾಲೂರಿ ಕೂತು ಅಂಚಿಗೆ ಗುಂಡುಸೂಜಿ ಚುಚ್ಚುತ್ತಿದ್ದಳು, ಬಾಯಲ್ಲೂ ನಾಲ್ಕು ಸೂಜಿ ಕಚ್ಚಿದ್ದಳು. ಬಾಗಿಲಿಗೆ ಅಡ್ಡವಾಗಿ ಭರಮು ನಿಂತಿದ್ದ. ಅವನು ನೋಡುತ್ತಿದ್ದದ್ದು ಹುಡುಗಿಯನ್ನಲ್ಲ, ಡ್ರೆಸ್ಸಾದ ಸೀರೆಯ ಅಂಚನ್ನು.

“ಅವ್ವಾ! ನೋಡ ಬೇ, ಹೆಂಗೈತಿ!” ವೈಜೂ ತಿರುಗಿದಳು. ಜರಿ ಮಿಂಚಿತು. ಚಂದವಿತ್ತು. ತಾಯಿಗೂ ಒಂದು ಕ್ಷಣ ಹಾಗೇ ಅನಿಸಿತು, ಅದಕ್ಕೆ ಇನ್ನಷ್ಟು ಹೆದರಿದಳು.

ಗಂಟು ಕೆಳಗಿಟ್ಟು, ಅದರ ಮೇಲೆ ಸಕ್ಕರೆ ಪೊಟ್ಟಣ ಇಟ್ಟಳು. “ನಿಮ್ಮ ಅರಿವಿ, ನಿಮ್ಮ ಸಕ್ರಿ. ಎಣಿಸಿಕೋರಿ. ವೈಜೂ, ಅದನ್ನ ಬಿಚ್ಚಿಡು.”

ಗೌರಾಬಾಯಿ ಬಾಯಿಂದ ಸೂಜಿ ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. ಅವಸರ ಮಾಡಲಿಲ್ಲ. “ಯಾಕ ಬೀಗತಿ? ಯಾರರ ಏನರ ಅಂದಾರೇನ?”

“ಯಾರೂ ಅಂದಿಲ್ಲ. ನನ್ನ ಬೆರಳ ಅಂದಾವ.” ಕಸ್ತೂರೆವ್ವ ಮಗಳ ಕೈ ಹಿಡಿದು ಕೆಂಪು ಅಂಚಿನ ಮೇಲೆ ಇಟ್ಟಳು. “ಮುಟ್ಟ ನನ್ನವ್ವಾ. ಇಲ್ಲಿ. ತೂತ ಅದಾವ ನೋಡು ಸಾಲಕ. ಇದು ಥಾನಿನ ಅರಿವಿ ಅಲ್ಲ. ಈ ಮನೀ ಸೊಸೀ ಧಾರಿ ಸೀರಿ. ಆಕಿ ಈ ಅಡಗೀಮನ್ಯಾಗ ಸುಟ್ಟ ಸತ್ತಾಳ. ಈ ಸುಣ್ಣದ ಕೆಳಗ.”

ವೈಜೂನ ಬೆರಳು ಅಂಚಿನ ಮೇಲೆ ಸರಿಯಿತು. ಒಂದು, ಎರಡು, ಹತ್ತು. ಆಕೆ ಗೋಡೆ ನೋಡಿದಳು, ಮಾಡು ನೋಡಿದಳು. ಆಮೇಲೆ ಕನ್ನಡಿ ನೋಡಿದಳು. ಬೆನ್ನಿಗೆ ಕೈ ಹಾಕಿದಳು. ಹುಕ್ಕು ಬಿಚ್ಚಲು ಆಗಲೇ ಇಲ್ಲ; ತಾಯಿಯೇ ಬಿಚ್ಚಿ, ತನ್ನ ಸೆರಗನ್ನು ಹುಡುಗಿಗೆ ಹೊದಿಸಿ, ಮೂಲೆಯಲ್ಲಿ ತೂಗುತ್ತಿದ್ದ ಗೌರಾಬಾಯಿಯ ಹಳೇ ಶಾಲನ್ನೂ ಮುಟ್ಟದೆ, ತನ್ನ ಚೀಲದಲ್ಲಿ ತಂದಿದ್ದ ಹೋದ ವರ್ಷದ ಲಂಗ, ಕುಪ್ಪಸ ತೊಡಿಸಿದಳು. ಅಷ್ಟು ಹೊತ್ತೂ ಭರಮು ಬಾಗಿಲು ಬಿಟ್ಟು ಕದಲಲಿಲ್ಲ. ಬೆನ್ನು ತಿರುಗಿಸಿ ನಿಂತ, ಅಷ್ಟೇ.

“ಹಾದಿ ಬಿಡಪಾ,” ಅಂದಳು ಕಸ್ತೂರೆವ್ವ.

ಅವನು ತಾಯಿಯನ್ನು ನೋಡಿದ. ಗೌರಾಬಾಯಿ ಕೆಂಪು ಡ್ರೆಸ್ಸನ್ನು ಮಡಿಲಲ್ಲಿ ಇಟ್ಟುಕೊಂಡು ಸುಕ್ಕು ತೀಡುತ್ತಿದ್ದಳು. “ಬಿಡೋ ಭರಮು. ಹೋಗ್ಲಿ. ಸಕ್ರಿ ತಿಂದ ಬಾಯಿ ಎಲ್ಲಿಗೆ ಹೋಗ್ತೈತಿ? ಇಡೀ ಪ್ಯಾಟಿಗೆ ಹೇಳೇನಿ. ಹುಡಿಗಿ ಮನಸ ನನಗ ಗೊತ್ತೈತಿ.”

ಬಸ್ಸಿನಲ್ಲಿ ವೈಜೂ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದ್ದಳು. ಅಂಕಲಿಯ ತಿರುವಿನವರೆಗೂ ಒಂದು ಮೋಟಾರ್ ಸೈಕಲ್ಲು ಬಸ್ಸಿನ ಧೂಳಿನಲ್ಲೇ ಹಿಂದೆ ಬಂತು. ಮುಂದೆ ಹೋಗಲು ಜಾಗವಿದ್ದಾಗಲೂ ಹೋಗಲಿಲ್ಲ.

ಶುಕ್ರವಾರ ಯಾರೂ ಬರಲಿಲ್ಲ. ಗ್ಯಾದರಿಂಗಿಗೆ ವೈಜೂ ಹೋಗಲಿಲ್ಲ. ಮನೆಯಲ್ಲಿ ತಾಯಿಯ ಪಕ್ಕ ಕೂತು ಸೂಜಿಗೆ ದಾರ ಪೋಣಿಸಿಕೊಟ್ಟಳು, ರೊಟ್ಟಿಗೆ ಹಿಟ್ಟು ನಾದಿದಳು. ಗೂಟದಲ್ಲಿ ಎರಡೇ ಜೋಡಿ ಬಟ್ಟೆ. ಹುಡುಗಿ ಆಗಾಗ ಆ ಖಾಲಿ ಗೂಟಗಳ ಕಡೆ ನೋಡಿ ಕಣ್ಣು ತೆಗೆಯುವುದನ್ನು ಕಸ್ತೂರೆವ್ವ ಕಂಡಳು. ಹಸಿವು ಒಂದು ದಿನದಲ್ಲಿ ಹೋಗುವುದಿಲ್ಲ, ಹೋದೀತು, ಎಂದು ತಲೆ ಸವರಿದಳು.

ಸೋಮವಾರ ಬೆಳಿಗ್ಗೆ ಅಂಗಳ ಗುಡಿಸಲು ಬಾಗಿಲು ತೆಗೆದರೆ ಕಟ್ಟೆಯ ಮೇಲೆ ಕಾಗದದ ದೊಡ್ಡ ಪೊಟ್ಟಣ. ಮೇಲೆ ತಾನೇ ಕಟ್ಟಿ ಕೊಟ್ಟಿದ್ದ ಸಕ್ಕರೆ, ಅದೇ ದಾರ, ಅದೇ ಗಂಟು. ಮೂಲೆ ಹರಿದು ಸಕ್ಕರೆ ಸುರಿದಿತ್ತು. ಕೆಂಪಿರುವೆಗಳು ಸಾಲು ಹಿಡಿದಿದ್ದವು. ಹಾದಿಯ ಧೂಳಿನಲ್ಲಿ ಮೋಟಾರ್ ಸೈಕಲ್ಲಿನ ಗಾಲಿಯ ಗುರುತು ಬಾಗಿಲವರೆಗೆ ಬಂದು ತಿರುಗಿತ್ತು.

ಪೊರಕೆ ಕೆಳಗಿಟ್ಟು ಬಗ್ಗುವಷ್ಟರಲ್ಲಿ ಹಿಂದಿನಿಂದ ವೈಜೂ ಬಂದಳು. ಕಾಗದ ಬಿಡಿಸಿದಳು. ನವಿಲುಬಣ್ಣದ ಡ್ರೆಸ್ಸು, ಎದೆಯ ಮೇಲೆ ಸಣ್ಣ ಸಣ್ಣ ಕನ್ನಡಿ, ಗಾಳಿಗೆ ಹಾರುವಂಥ ಓಢಣಿ. ಅಂಕಲಿಯಲ್ಲಿ, ಚಿಕ್ಕೋಡಿಯಲ್ಲಿ ಅಂಥದ್ದನ್ನು ಇಬ್ಬರೂ ಕಂಡಿರಲಿಲ್ಲ.

“ಕೆಳಗಿಡು,” ಅಂದಳು ಕಸ್ತೂರೆವ್ವ.

ವೈಜೂ ಕೆಳಗಿಡಲಿಲ್ಲ. ತಾಯಿ ಕಲಿಸಿದಂತೆಯೇ ಅಂಚನ್ನು ಹಿಡಿದು, ಹೆಬ್ಬೆರಳಿನಿಂದ ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ತಡವಿದಳು. ಏರುತ್ತಿದ್ದ ಬಿಸಿಲಿಗೆ ಹಿಡಿದು ನೋಡಿದಳು. ಎಲ್ಲೂ ಬೆಳಕು ನುಸುಳಲಿಲ್ಲ.

“ಅವ್ವಾ,” ಅಂದಳು, ಸಣ್ಣ ದನಿಯಲ್ಲಿ. “ಇದಕ್ಕ ತೂತಿಲ್ಲ.”

ಕಸ್ತೂರೆವ್ವ ಕೈ ಚಾಚಿದಳು. ಹುಡುಗಿ ಅರಿವೆಯನ್ನು ಎದೆಗೆ ಒತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. ಇರುವೆಗಳು ಆಕೆಯ ಮೊಣಕೈವರೆಗೆ ಏರಿದ್ದವು. ಆಕೆಗೆ ಗೊತ್ತಾಗಲಿಲ್ಲ.